ಸುಳ್ಳು ಕಾಗದಗಳನ್ನು ಓದಲು ಕಲಿತದ್ದು: ಕಾಂಬೋಡಿಯದ ಜನಾಂಗಹತ್ಯೆಯ ಅಧ್ಯಯನ, ನನ್ನ ಅನುಭವ

ಪದವಿಪೂರ್ವ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಿದ್ದ ದಿನಗಳಲ್ಲಿ ಕಾಂಬೋಡಿಯಕ್ಕೆ ನಾನು ಕೊಡುತ್ತಿದ್ದದ್ದು ಎರಡೇ ವಾಕ್ಯ: ಪೋಲ್ ಪಾಟ್‌ನ ನೇತೃತ್ವದ ಖ್ಮೇರ್ ರೂಜ್ ಕಮ್ಯುನಿಸ್ಟರು 1975ರಿಂದ 1979ರವರೆಗೆ ಆಳಿದರು, ಇಪ್ಪತ್ತು ಲಕ್ಷ ಜನರನ್ನು ಕೊಂದರು. ಖ್ಮೇರರೆಂದರೆ ಕಾಂಬೋಡಿಯದ ಬಹುಸಂಖ್ಯಾತ ಜನ. ಒಮ್ಮೆ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, "ಸರ್, ಕೊಂದವರೂ ಖ್ಮೇರರು, ಸತ್ತವರೂ ಖ್ಮೇರರು ಅಂದಮೇಲೆ ಅದು ಜನಾಂಗಹತ್ಯೆ ಹೇಗಾಗುತ್ತೆ?" ಎಂದು ಕೇಳಿದಳು. ನಾಳೆ ಹೇಳುತ್ತೇನೆ ಎಂದು ಜಾರಿಕೊಂಡೆ. ಆ ನಾಳೆ ಬಂದದ್ದು ನಾನು ನಿವೃತ್ತನಾದ ಮೇಲೆ.

ಮೊದಲು ಕೈಗೆತ್ತಿಕೊಂಡದ್ದು ಕಾನೂನನ್ನು. ನಮ್ಮ ಪತ್ರಿಕೆಗಳು ಹತ್ತು ಜನ ಸತ್ತರೂ 'ನರಮೇಧ' ಎಂದು ಬರೆಯುತ್ತವೆ. ಆದರೆ ಜನಾಂಗಹತ್ಯೆ ಎಂಬುದಕ್ಕೆ 1948ರ ವಿಶ್ವಸಂಸ್ಥೆಯ ಒಪ್ಪಂದದಲ್ಲಿ ಇಕ್ಕಟ್ಟಾದ ಅರ್ಥವಿದೆ. ರಾಷ್ಟ್ರೀಯ, ಜನಾಂಗೀಯ, ವರ್ಣೀಯ ಅಥವಾ ಧಾರ್ಮಿಕ ಗುಂಪೊಂದನ್ನು ಗುಂಪಾಗಿಯೇ ನಾಶಮಾಡುವ ಉದ್ದೇಶ ಅಲ್ಲಿ ಸಾಬೀತಾಗಬೇಕು. ರಾಜಕೀಯ ವಿರೋಧಿಗಳು, ಪಟ್ಟಣದವರು, ಓದಿದವರು ಆ ಪಟ್ಟಿಯಲ್ಲಿ ಇಲ್ಲ. ಹೀಗಾಗಿ ವಿಶ್ವಸಂಸ್ಥೆಯ ನೆರವಿನಿಂದ ನಡೆದ ನ್ಯಾಯಾಲಯವು 2018ರಲ್ಲಿ ಖ್ಮೇರ್ ರೂಜ್‌ನ ಇಬ್ಬರು ಹಿರಿಯ ನಾಯಕರಲ್ಲಿ ನುವಾನ್ ಚಿಯಾನನ್ನು ಅಲ್ಪಸಂಖ್ಯಾತ ಚಾಮ್ ಮುಸ್ಲಿಮರ ಹಾಗೂ ವಿಯೆಟ್ನಾಮೀಯರ ಜನಾಂಗಹತ್ಯೆಗೆ, ಖಿಯು ಸಾಂಫಾನ್‌ನನ್ನು ವಿಯೆಟ್ನಾಮೀಯರ ಜನಾಂಗಹತ್ಯೆಗೆ ದೋಷಿಗಳೆಂದು ತೀರ್ಮಾನಿಸಿತು; ಖ್ಮೇರರು ಖ್ಮೇರರನ್ನು ಕೊಂದದ್ದು ಮಾನವಕುಲದ ವಿರುದ್ಧದ ಅಪರಾಧವೆಂಬ ಬೇರೆ ಶೀರ್ಷಿಕೆಯಡಿ ಹೋಯಿತು. ಆ ಹುಡುಗಿಯ ಪ್ರಶ್ನೆ ನ್ಯಾಯಾಧೀಶರ ಪ್ರಶ್ನೆಯೇ ಆಗಿತ್ತು.

ನನ್ನ ಎರಡನೆಯ ತಪ್ಪು ಸಂಖ್ಯೆಯದು. 1979ರಲ್ಲಿ ವಿಯೆಟ್ನಾಂ ಸೇನೆಯ ಬೆಂಬಲದಿಂದ ಬಂದ ಸರ್ಕಾರ ಸತ್ತವರು 30 ಲಕ್ಷಕ್ಕೂ ಹೆಚ್ಚು ಎಂದಿತು. ನ್ಯಾಯಾಲಯಕ್ಕಾಗಿ ಜನಸಂಖ್ಯಾ ತಜ್ಞರು ಮಾಡಿದ ಲೆಕ್ಕ ಸುಮಾರು 17 ಲಕ್ಷದಿಂದ 22 ಲಕ್ಷ. ಅದರಲ್ಲಿ ಹಿಂಸೆಯಿಂದ ಸತ್ತವರು ಸುಮಾರು 8 ಲಕ್ಷ. ಉಳಿದವರನ್ನು ತಿಂದದ್ದು ಹಸಿವು, ರೋಗ ಮತ್ತು ದುಡಿತ. 'ಕೊಂದರು' ಎಂಬ ನನ್ನ ಒಂದು ಪದ ಇವೆಲ್ಲವನ್ನೂ ಮುಚ್ಚಿಹಾಕಿತ್ತು. 1975ರ ಏಪ್ರಿಲ್ 17ರಂದು ರಾಜಧಾನಿ ನಾಮ್ ಪೆನ್ ನಗರವನ್ನು ಹಿಡಿದವರು ಆಸ್ಪತ್ರೆಯ ರೋಗಿಗಳನ್ನೂ ಬಿಡದೆ ಜನರನ್ನು ಹಳ್ಳಿಗಳಿಗೆ ಅಟ್ಟಿದರು, ಹಣವನ್ನೂ ಸಂತೆಯನ್ನೂ ರದ್ದು ಮಾಡಿದರು. ಹೆಕ್ಟೇರಿಗೆ ಮೂರು ಟನ್ ಭತ್ತ ಬೆಳೆಯಬೇಕೆಂದು ಮೇಲಿನವರು ಗುರಿಯಿಟ್ಟರು. ಅಷ್ಟು ಬೆಳೆಯದ ನೆಲದಲ್ಲಿ ಬೆಳೆದಿದೆ ಎಂದು ಕೆಳಗಿನವರು ಪ್ರಾಣಭಯದಿಂದ ವರದಿ ಬರೆದರು. ಕಾಗದದ ಮೇಲೆ ಬೆಳೆದ ಭತ್ತಕ್ಕೆ ತಕ್ಕಂತೆ ನಿಜವಾದ ಭತ್ತವನ್ನು ಲಾರಿಗಳು ಹೊತ್ತೊಯ್ದವು. ಬೆಳೆದವರಿಗೆ ಉಳಿದದ್ದು ಅಗುಳನ್ನು ಹುಡುಕಬೇಕಾದ ನೀರು ಗಂಜಿ. ಸುಳ್ಳು ಕಾಗದವೂ ಕೊಲ್ಲಬಲ್ಲದು ಎಂಬುದು ನನಗೆ ಹೊಳೆದದ್ದು ಇಲ್ಲಿ.

ನಮ್ಮವರು ಸಾಮಾನ್ಯವಾಗಿ ಸಿಯೆಮ್ ರೀಪ್‌ಗೆ ಹೋಗಿ ಅಂಗ್ಕೋರ್ ವಾಟ್ ನೋಡಿ ಮರಳುತ್ತಾರೆ. ನಾನು ಅಲ್ಲಿಂದ ಬಸ್ಸು ಹಿಡಿದು ನಾಮ್ ಪೆನ್‌ಗೆ ಹೋದೆ. ತುವೋಲ್ ಸ್ಲೆಂಗ್ ಮೊದಲು ಪ್ರೌಢಶಾಲೆ. ಖ್ಮೇರ್ ರೂಜ್ ಅದನ್ನು ಎಸ್-21 ಎಂಬ ಗುಪ್ತ ಸೆರೆಮನೆಯಾಗಿ ಮಾಡಿತು. ಮೂವತ್ತು ವರ್ಷ ಕರಿಹಲಗೆಯ ಮುಂದೆ ನಿಂತ ನನಗೆ ಕೊಠಡಿಯ ಅಳತೆ ಕಣ್ಣಲ್ಲೇ ಸಿಕ್ಕಿತು: ನಲವತ್ತು ಮಕ್ಕಳು ಕೂರುವಷ್ಟು ಜಾಗ, ಅದರೊಳಗೆ ಇಟ್ಟಿಗೆ ಕಟ್ಟಿ ಒಬ್ಬ ಮನುಷ್ಯ ಕಾಲು ಚಾಚಲಾಗದ ಗೂಡುಗಳು. ಅದರ ಮುಖ್ಯಸ್ಥ ಡುಯಿಕ್ ಹಿಂದೆ ಗಣಿತದ ಮೇಷ್ಟರು. ಇಲ್ಲಿಂದ ಸಾವಿಗೆ ಹೋದವರು ಕನಿಷ್ಠ 12,272 ಎಂದು ಅವನ ಮೇಲಿನ 2010ರ ತೀರ್ಪು ಹೇಳುತ್ತದೆ.

ವಿಯೆಟ್ನಾಂ ಸೇನೆ 1979ರ ಜನವರಿ 7ರಂದು ನಗರಕ್ಕೆ ನುಗ್ಗಿದಾಗ ಎಸ್-21 ನಡೆಸುತ್ತಿದ್ದವರು ಕಾಗದಗಳನ್ನು ಸುಡದೆ ಓಡಿದರು. ಕೈದಿಗಳಿಂದ ಬರೆಸಿದ ಸಾವಿರಾರು ತಪ್ಪೊಪ್ಪಿಗೆಗಳು ಉಳಿದದ್ದು ಹಾಗೆ. ಊರಿಗೆ ಬಂದ ಮೇಲೆ ಅವುಗಳ ಇಂಗ್ಲಿಷ್ ಅನುವಾದಗಳನ್ನೂ ತೀರ್ಪುಗಳನ್ನೂ ಓದುತ್ತಾ ಕೂತಾಗ ಮೊದಮೊದಲು ತಲೆ ಕೆಟ್ಟಿತು. ಹೊಲದ ರೈತನೊಬ್ಬ ತಾನು ಅಮೆರಿಕದ ಸಿಐಎ ಗೂಢಚಾರನೆಂದೂ ಸೋವಿಯತ್ ಗುಪ್ತಚರ ಸಂಸ್ಥೆ ಕೆಜಿಬಿಗೂ ವಿಯೆಟ್ನಾಂಗೂ ಒಟ್ಟಿಗೆ ದುಡಿದೆನೆಂದೂ ಬರೆದುಕೊಡುತ್ತಾನೆ. ಚಿತ್ರಹಿಂಸೆಯಿಂದ ಹೊರಟ ಇಂಥ ಮಾತುಗಳನ್ನು ನ್ಯಾಯಾಲಯ ಸತ್ಯವೆಂದು ಸ್ವೀಕರಿಸುವಂತಿರಲಿಲ್ಲ, ನಾನೂ ಸ್ವೀಕರಿಸುವಂತಿರಲಿಲ್ಲ. ಹಾಗಾದರೆ ಓದುವುದು ಏನನ್ನು?

ಟಿಪ್ಪಣಿ ಪುಸ್ತಕದ ಹಾಳೆಯಲ್ಲಿ ಮೂರು ಅಂಕಣ ಎಳೆದೆ: ಕಾಗದ ಹೇಳುವುದೇನು, ಬರೆಸಿದವರು ಯಾರು, ಓದಬೇಕಾದವರು ಯಾರು. ಮೊದಲ ಅಂಕಣ ಬಹುಪಾಲು ಕಟ್ಟುಕತೆಯಿಂದ ತುಂಬಿತು. ನಿಜ ಸಿಕ್ಕಿದ್ದು ಉಳಿದೆರಡರಲ್ಲಿ. ದಿನಾಂಕ, ವಿಚಾರಣೆ ಮಾಡಿದವನ ಹೆಸರು, ಅಂಚಿನಲ್ಲಿ ಡುಯಿಕ್‌ನ ಷರಾ, ಮತ್ತು ಪಟ್ಟಿಗಳಲ್ಲಿ ಮತ್ತೆ ಮತ್ತೆ ಬರುವ 'ಕಮ್ತೆಚ್' ಎಂಬ ಖ್ಮೇರ್ ಪದ. ಪುಡಿಗಟ್ಟು ಎಂದು ಅದರ ಅರ್ಥ. ಉತ್ತರಪತ್ರಿಕೆ ತಿದ್ದಿದ ಹಾಗೆ ತಪ್ಪೊಪ್ಪಿಗೆಗಳನ್ನು ತಿದ್ದಿ ವಾಪಸು ಕಳಿಸುತ್ತಿದ್ದ ಆ ಮೇಷ್ಟರ ಕೈಬರಹವೇ ಅವನ ವಿರುದ್ಧ ಸಾಕ್ಷಿಯಾಯಿತು.

ನಾಲ್ಕನೆಯ ಅಂಕಣ ಎಳೆಯುವಂತೆ ಮಾಡಿದ್ದು ಕೆರಿ ಹ್ಯಾಮಿಲ್‌ನ ಕಾಗದ. 1978ರಲ್ಲಿ ಹಾಯಿದೋಣಿಯಲ್ಲಿ ಸೆರೆಸಿಕ್ಕ ಈ ನ್ಯೂಜಿಲೆಂಡ್ ಯುವಕ, ತನ್ನ ಸಿಐಎ ಮೇಲಧಿಕಾರಿ ಕರ್ನಲ್ ಸ್ಯಾಂಡರ್ಸ್ ಎಂದು ಬರೆದ. ಕೆಎಫ್‌ಸಿ ಕೋಳಿ ಅಂಗಡಿಯ ಫಲಕದಲ್ಲಿ ನಗುವ ಮುದುಕನ ಹೆಸರದು. ಸಿಐಎ ಸಂಖ್ಯೆಯೆಂದು ಕೊಟ್ಟದ್ದು ಮನೆಯ ಫೋನ್ ನಂಬರು. ಭಾಷಣ ಕಲೆಯ ಗುರುವೆಂದು 'ಎಸ್. ಟಾರ್' ಎಂಬ ಹೆಸರನ್ನು ಸೇರಿಸಿದ್ದ. ಅವನ ತಾಯಿಯ ಹೆಸರು ಎಸ್ತರ್. ಅವನ ತಮ್ಮ ರಾಬ್ 2009ರಲ್ಲಿ ಡುಯಿಕ್‌ನ ಎದುರೇ ನಿಂತು ನ್ಯಾಯಾಲಯಕ್ಕೆ ಇದನ್ನೆಲ್ಲ ಬಿಡಿಸಿ ಹೇಳಿದ.

'ಬರೆದವನು ಅಡಗಿಸಿಟ್ಟದ್ದೇನು' ಎಂಬ ಆ ನಾಲ್ಕನೆಯ ಅಂಕಣ ನನ್ನ ಪುಸ್ತಕದಲ್ಲಿ ಹ್ಯಾಮಿಲ್‌ನ ಸಾಲಿನಲ್ಲಿ ಮಾತ್ರ ತುಂಬಿದೆ. ಖ್ಮೇರ್ ಕೈದಿಗಳ ಸಾಲುಗಳಲ್ಲಿ ಅದು ಖಾಲಿ. ಅವರೂ ಅಮ್ಮನ ಹೆಸರನ್ನೋ ಊರಿನ ಕೆರೆಯ ಹೆಸರನ್ನೋ ಎಲ್ಲಾದರೂ ಸೇರಿಸಿದ್ದಿರಬಹುದು; ಆದರೆ ಅದನ್ನು ಬಿಡಿಸಿ ಹೇಳಬಲ್ಲ ಹೆಂಡತಿ ಮಕ್ಕಳನ್ನೂ ಎಸ್-21 ಎಷ್ಟೋ ಕೈದಿಗಳ ಜೊತೆ ಹಿಡಿದು ತಂದಿತ್ತು.