ನೀವು ಎಷ್ಟು ದಿನ ಇರುತ್ತೀರಿ?

ಹದಿಹರೆಯದವರಿಗಾಗಿ ಸಂಜೆ ಕೇಂದ್ರ ಶುರು ಮಾಡಿದಾಗ ನನ್ನ ಹೆಮ್ಮೆಯೆಲ್ಲ ಸ್ವಯಂಸೇವಕರ ಪಟ್ಟಿಯ ಉದ್ದದಲ್ಲಿತ್ತು. ಮೊದಲ ಸಭೆಗೆ 26 ಜನ ಬಂದಿದ್ದರು. ಮೂರನೆಯ ತಿಂಗಳಿಗೆ ಉಳಿದವರು 9. ಹೋದವರಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ಪರೀಕ್ಷೆ, ಹೊಸ ಕೆಲಸ, ಮನೆಯ ತಾಪತ್ರಯ ಎಂದು ಒಬ್ಬೊಬ್ಬರಿಗೆ ಒಂದೊಂದು ಕಾರಣ. ಆದರೆ ಹೆಚ್ಚಿನವರು ಹೇಳದೆಯೇ ಹೋದರು.

15 ವರ್ಷದ ಹುಡುಗನೊಬ್ಬ ಪ್ರತಿ ವಾರ ಒಬ್ಬರೇ ಸ್ವಯಂಸೇವಕರ ಬಳಿ ಗಣಿತ ಕಲಿಯುತ್ತಿದ್ದ. ಅವರು ಬರುವುದನ್ನು ನಿಲ್ಲಿಸಿದ ಮೇಲೆ ಎರಡು ವಾರ ಪಕ್ಕದ ಕುರ್ಚಿಯ ಮೇಲೆ ಚೀಲವಿಟ್ಟು ಜಾಗ ಹಿಡಿದು ಕುಳಿತ. ಮೂರನೆಯ ವಾರ ಬೇರೊಬ್ಬರನ್ನು ಕಳುಹಿಸಿದೆ. ಅವನು ಪುಸ್ತಕ ತೆರೆಯದೆ, "ನೀವು ಎಷ್ಟು ದಿನ ಇರುತ್ತೀರಿ?" ಎಂದು ಕೇಳಿದ. ಅವರು ನನ್ನ ಮುಖ ನೋಡಿದರು. ನಾನು ಗೋಡೆಯ ಗಡಿಯಾರ ನೋಡಿದೆ.

ಆಮೇಲೆ ಓದುತ್ತಾ ಹೋದಾಗ ಜೀನ್ ಗ್ರಾಸ್‌ಮನ್ ಮತ್ತು ಜೀನ್ ರೋಡ್ಸ್ ಅವರು 2002ರಲ್ಲಿ ಪ್ರಕಟಿಸಿದ ಅಮೆರಿಕದ ಅಧ್ಯಯನವೊಂದು ಸಿಕ್ಕಿತು. ಮಾರ್ಗದರ್ಶಕರ ಒಡನಾಟ ಒಂದು ವರ್ಷ ದಾಟಿದ ಮಕ್ಕಳಿಗೆ ಹೆಚ್ಚಿನ ಲಾಭವಾಗಿತ್ತು. ಬಹುಬೇಗ ಮುರಿದುಬಿದ್ದ ಕಡೆ ಮಕ್ಕಳು ಕೆಲವು ವಿಷಯಗಳಲ್ಲಿ ಮೊದಲಿಗಿಂತ ಹಿಂದೆ ಬಿದ್ದಿದ್ದರು. ಬಂದಷ್ಟು ಬರಲಿ, ಆದಷ್ಟು ಆಗಲಿ ಎಂಬ ನನ್ನ ಧಾರಾಳತನ ಅಲ್ಲಿಗೆ ಮುಗಿಯಿತು.

ಹೊಸಬರಿಂದ ಕೇಳುವುದನ್ನು ಕಡಿಮೆ ಮಾಡಿದೆವು, ಆದರೆ ಬಿಗಿ ಮಾಡಿದೆವು. ವಾರಕ್ಕೆ ಒಂದೇ ಸಂಜೆ, ಒಂದು ವರ್ಷ. ಮೊದಲ ತಿಂಗಳು ಯಾವ ಮಗುವಿನ ಹೊಣೆಯೂ ಇಲ್ಲ, ಸುಮ್ಮನೆ ಜೊತೆಗಿರುವುದು. ಬಿಡಬೇಕಾದರೆ ಮೂರು ವಾರ ಮೊದಲೇ, ಎದುರಿಗೆ ಕುಳಿತು ಹೇಳಬೇಕು. ಹಾಜರಿ ಪುಸ್ತಕ ಸ್ವಯಂಸೇವಕರಿಗೆ ಮಾತ್ರ. ಮಕ್ಕಳು ಇಷ್ಟವಿದ್ದಾಗ ಬರಬಹುದು. ಇದನ್ನು ಕೇಳಿ ಅರ್ಧದಷ್ಟು ಜನ ಹಿಂದೆ ಸರಿದರು. ನಿಜ ಹೇಳಬೇಕೆಂದರೆ ನನಗೆ ನೆಮ್ಮದಿಯೇ ಆಯಿತು.

ಕಲಿಸಲು ಎಲ್ಲಕ್ಕಿಂತ ಕಷ್ಟವಾದದ್ದು ಒಂದು ಮಾತನ್ನು ಆಡದಿರುವುದು: "ಯಾರಿಗೂ ಹೇಳುವುದಿಲ್ಲ, ಹೇಳು." ಒಳ್ಳೆಯ ಮನಸ್ಸಿನವರ ಬಾಯಿಗೆ ಅದು ತಾನಾಗಿ ಬಂದುಬಿಡುತ್ತದೆ. ಮಗು ತನ್ನ ಮೇಲಾಗುತ್ತಿರುವ ಹಿಂಸೆಯನ್ನು ಹೇಳಿಕೊಂಡರೆ ಆ ಮಾತನ್ನು ಮುರಿಯಲೇಬೇಕು. ಆಗ ನಂಬಿಕೆಯೂ ಮುರಿಯುತ್ತದೆ. ಅದಕ್ಕೆ ನಾವು ಮೊದಲೇ ಹೇಳುತ್ತೇವೆ: "ನಿನಗೆ ಅಪಾಯವಿದೆ ಅನ್ನಿಸಿದರೆ ನಾನು ಒಬ್ಬರಿಗೆ ಹೇಳಬೇಕಾಗುತ್ತದೆ. ಯಾರಿಗೆ ಎಂದು ನಿನಗೆ ಮೊದಲು ತಿಳಿಸುತ್ತೇನೆ." ಹೀಗೆಂದರೆ ಮಕ್ಕಳು ಬಾಯಿ ಬಿಡುವುದೇ ಇಲ್ಲ ಎಂದು ನಾನು ಹೆದರಿದ್ದೆ. ಬಿಟ್ಟರು. ಮುಚ್ಚಿದ ಕೋಣೆಯಲ್ಲಿ ಒಬ್ಬರೇ ದೊಡ್ಡವರು ಒಂದು ಮಗುವಿನೊಂದಿಗೆ ಇರಬಾರದು ಎಂಬ ನಿಯಮಕ್ಕೆ ಮಾತ್ರ ಚರ್ಚೆಯೇ ಇಲ್ಲ, ನನಗೂ ವಿನಾಯಿತಿ ಇಲ್ಲ.

ಮಕ್ಕಳ ಪಾಲ್ಗೊಳ್ಳುವಿಕೆ ಎಷ್ಟು ನಿಜವಾದದ್ದು ಎಂದು ತೋರಿಸಲು ಸಂಶೋಧಕ ರೋಜರ್ ಹಾರ್ಟ್ 1992ರಲ್ಲಿ ಎಂಟು ಮೆಟ್ಟಿಲುಗಳ ಏಣಿಯೊಂದನ್ನು ಬರೆದಿದ್ದಾರೆ. ಕೆಳಗಿನ ಮೂರು ಮೆಟ್ಟಿಲುಗಳು ಪಾಲ್ಗೊಳ್ಳುವಿಕೆಯೇ ಅಲ್ಲ, ಅವುಗಳಲ್ಲಿ ಒಂದರ ಹೆಸರು ಅಲಂಕಾರ. ನಮ್ಮ ವಾರ್ಷಿಕೋತ್ಸವದಲ್ಲಿ ನಾನೇ ಬರೆದ ಭಾಷಣವನ್ನು ಹುಡುಗಿಯೊಬ್ಬಳು ಓದಿದ್ದು ನೆನಪಾಗಿ ಕಿವಿ ಬಿಸಿಯಾಯಿತು. ವೇಳಾಪಟ್ಟಿಯನ್ನು ಮಕ್ಕಳ ಕೈಗೆ ಕೊಟ್ಟೆವು. ಮೊದಲು ಹಾರಿಹೋದದ್ದು ನನಗೆ ಬಹಳ ಪ್ರಿಯವಾಗಿದ್ದ ವೃತ್ತಿ ಮಾರ್ಗದರ್ಶನದ ಉಪನ್ಯಾಸ. ಅದರ ಜಾಗಕ್ಕೆ ಸೈಕಲ್ ರಿಪೇರಿ ಬಂತು. ಚೈನ್ ಕೂರಿಸಲು ಬಾರದ ಎಂಜಿನಿಯರ್ ಸ್ವಯಂಸೇವಕರಿಗೆ ಅದೇ ಹುಡುಗಿ ಕಲಿಸಿದಳು.

ಈಗ ಹೊಸ ಸ್ವಯಂಸೇವಕರ ಸಂದರ್ಶನದಲ್ಲಿ ಇಬ್ಬರು ಮಕ್ಕಳೂ ಕುಳಿತುಕೊಳ್ಳುತ್ತಾರೆ. ಅವರ ಮೊದಲ ಪ್ರಶ್ನೆ ಯಾವಾಗಲೂ ಅದೇ. ಕಳೆದ ತಿಂಗಳು ಬಂದವರೊಬ್ಬರು, "ಆರು ತಿಂಗಳು ಖಂಡಿತ, ಆಮೇಲಿನದು ಗೊತ್ತಿಲ್ಲ" ಎಂದರು. ನಮ್ಮ ನಿಯಮ ಒಂದು ವರ್ಷ. ನಾನು ತಲೆಯಾಡಿಸಿ ಕಡತ ಮುಚ್ಚಿದೆ. ಮಕ್ಕಳು ಅದನ್ನು ತೆರೆಸಿದರು. ಬಂದವರು ಹೊರಡುವ ದಿನವನ್ನು ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಿಂದ ಗುರುತು ಮಾಡಿ, ಮುಂದಿನ ವಾರದಿಂದ ಬನ್ನಿ ಎಂದರು.