ಮೋಟರ್‌ಹೋಮಿನ ಪ್ರೊಪೇನ್: ನಾನು ಪರೀಕ್ಷಿಸುವ, ರಿಪೇರಿ ಮಾಡುವ ಕ್ರಮ

ಅಮೆರಿಕದಲ್ಲಿ ಹಳೆಯ ಮೋಟರ್‌ಹೋಮ್ (ಒಳಗೇ ಮನೆಯಂತಿರುವ ಗಾಡಿ) ಕೊಳ್ಳುವ ನಮ್ಮವರು ಅದರ ಪ್ರೊಪೇನ್ ಗ್ಯಾಸ್ ಸರಿಯಿದೆಯೇ ಎಂದು ಮೂಗಿನಿಂದಲೇ ನೋಡುತ್ತಾರೆ, ಹೆಚ್ಚೆಂದರೆ ಸೋಪಿನ ನೊರೆ ಹಚ್ಚುತ್ತಾರೆ. ಎರಡೂ ಸಾಲದು. ಫರ್ನೇಸಿನ (ಗಾಡಿಯೊಳಗೆ ಬೆಚ್ಚಗಿಡುವ ಹೀಟರಿನ) ಹಿಂದೆ, ಗೋಡೆಯೊಳಗೆ, ಕೈ ಹೋಗದ ಕಡೆ ಇರುವ ಜಾಯಿಂಟುಗಳಿಗೆ ನೊರೆ ತಲುಪುವುದೇ ಇಲ್ಲ. ಸೋರಿಕೆ ಇದೆಯೋ ಇಲ್ಲವೋ ಎಂದು ಖಚಿತವಾಗಿ ಹೇಳುವುದು ಗ್ಯಾಸಿನ ಒತ್ತಡ ಅಳೆಯುವ ಮಾನೋಮೀಟರ್ ಮಾತ್ರ.

ಟ್ಯಾಂಕಿನ ವಿಚಾರ ಮೊದಲು. ಎಳೆದುಕೊಂಡು ಹೋಗುವ ಟ್ರೇಲರುಗಳಲ್ಲಿ ಇರುವುದು ಡಿಒಟಿ (ಅಮೆರಿಕದ ಸಾರಿಗೆ ಇಲಾಖೆ) ಮಾನದಂಡದ ಸಿಲಿಂಡರ್. ತಯಾರಾದ 12 ವರ್ಷಕ್ಕೆ ಅದರ ಮರುಪರೀಕ್ಷೆ ಆಗಲೇಬೇಕು, ಇಲ್ಲದಿದ್ದರೆ ತುಂಬಿಸಿಕೊಡುವುದಿಲ್ಲ. ತಾವೇ ಓಡುವ ಕ್ಲಾಸ್ ಎ (ಬಸ್ಸಿನಂಥವು), ಕ್ಲಾಸ್ ಸಿ (ವ್ಯಾನಿನ ಮುಂಭಾಗದವು) ಮೋಟರ್‌ಹೋಮುಗಳಲ್ಲಿ ಚಾಸಿಗೇ ಬೋಲ್ಟ್ ಮಾಡಿದ ಎಎಸ್‌ಎಂಇ (ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘ) ಮಾನದಂಡದ ಟ್ಯಾಂಕ್ ಇರುತ್ತದೆ. ಇದಕ್ಕೆ ಅಂಥ ಗಡುವಿಲ್ಲ, ಹಾಗಾಗಿ ಗಾಡಿ ಕೈ ಬದಲಾಗುತ್ತ ಹೋದರೂ ಟ್ಯಾಂಕನ್ನು ಬಗ್ಗಿ ನೋಡಿದವರು ಇರುವುದಿಲ್ಲ. 18 ಗ್ಯಾಲನ್ ನೀರು ಹಿಡಿಯುವ ಟ್ಯಾಂಕಿಗೆ ಶೇ. 80ರಂತೆ 14.4 ಗ್ಯಾಲನ್ ಪ್ರೊಪೇನ್ ತುಂಬುತ್ತಾರೆ. ತೂಕದಲ್ಲಿ ಸುಮಾರು 28 ಕೆಜಿ, ಅಂದರೆ ಊರಿನ ಮನೆಯ 14.2 ಕೆಜಿಯ ಎರಡು ಸಿಲಿಂಡರಿನಷ್ಟು. ಉಳಿದ ಜಾಗ ಬಿಸಿಲಿಗೆ ದ್ರವ ಹಿಗ್ಗುವುದಕ್ಕೆ. ತುಂಬುವಾಗ ಬ್ಲೀಡರ್ ಸ್ಕ್ರೂ (ಶೇ. 80ರ ಮಟ್ಟ ತೋರಿಸುವ ಸಣ್ಣ ಕಿಂಡಿಯದು) ತೆಗೆದಿರುತ್ತಾರೆ. ಅಲ್ಲಿಂದ ಬಿಳಿ ಮಂಜಿನಂತೆ ದ್ರವ ಚಿಮ್ಮಿದ ತಕ್ಷಣ ನಿಲ್ಲಿಸಬೇಕು. ನಾನು ಪಕ್ಕದಲ್ಲೇ ನಿಂತು ಅದನ್ನು ನೋಡುತ್ತೇನೆ.

ಟ್ಯಾಂಕಿನ ತಳ ಮತ್ತು ಬ್ರಾಕೆಟ್ ಕೂತ ಜಾಗ, ತುಕ್ಕು ಹಿಡಿಯುವುದು ಇವೆರಡು ಕಡೆ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ರಾಜ್ಯಗಳ ಗಾಡಿಯಾದರೆ ಇನ್ನೂ ಬೇಗ. ಮೇಲ್ಮೈ ತುಕ್ಕನ್ನು ಕೈಯಲ್ಲೇ ವೈರ್ ಬ್ರಷ್ ಹಿಡಿದು ಉಜ್ಜಿ, ತುಕ್ಕು ತಡೆಯುವ ಪ್ರೈಮರ್ ಹೊಡೆದು, ಮೇಲೆ ಬಿಳಿ ಬಣ್ಣ ಬಳಿಯುತ್ತೇನೆ. ಕಪ್ಪು ಬಣ್ಣ ಬೇಡ, ಬಿಸಿಲು ಹೀರುತ್ತದೆ. ಹೆಸರಿನ ಫಲಕ, ವಾಲ್ವ್, ಹೆಚ್ಚಾದ ಒತ್ತಡವನ್ನು ಹೊರಬಿಡುವ ರಿಲೀಫ್ ವಾಲ್ವ್ ಇವಕ್ಕೆ ಟೇಪ್ ಸುತ್ತಿ ಬಣ್ಣ ತಾಗದಂತೆ ನೋಡಿಕೊಳ್ಳಬೇಕು. ಫಲಕ ಓದಲಾಗದಿದ್ದರೆ ತುಂಬಿಸಿಕೊಡುವುದಿಲ್ಲ. ಉಜ್ಜಿದ ಮೇಲೆ ಉಗುರಿಗೆ ಸಿಗುವಂಥ ಗುಳಿಗಳು ಕಂಡರೆ ಬಣ್ಣದ ಕೆಲಸ ಅಲ್ಲಿಗೇ ನಿಲ್ಲಿಸಿ, ಟ್ಯಾಂಕನ್ನು ಪ್ರೊಪೇನ್ ಕೆಲಸದ ಪರವಾನಗಿ ಇರುವವರಿಗೆ ತೋರಿಸಿ. ಟ್ಯಾಂಕಿನ ಮೈಗೆ ವೆಲ್ಡಿಂಗ್ ಮಾಡಲು ಯಾವ ಸಾಮಾನ್ಯ ಗ್ಯಾರೇಜಿಗೂ ಬಿಡಬೇಡಿ.

ಇನ್ನು ಒತ್ತಡದ ಪರೀಕ್ಷೆ. ರೆಗ್ಯುಲೇಟರ್ ದಾಟಿದ ಮೇಲೆ ಗ್ಯಾಸಿನ ಒತ್ತಡ 11 ಅಂಗುಲ ನೀರಿನಷ್ಟಿರಬೇಕು. ಪಾರದರ್ಶಕ ಕೊಳವೆಯನ್ನು ಇಂಗ್ಲಿಷಿನ ಯು ಅಕ್ಷರದಂತೆ ಹಲಗೆಗೆ ಬಿಗಿದು ನೀರು ತುಂಬಿದರೂ ಮಾನೋಮೀಟರ್ ಆಗುತ್ತದೆ: ಒಂದು ಕಡೆ ಐದೂವರೆ ಅಂಗುಲ ಇಳಿದು ಇನ್ನೊಂದು ಕಡೆ ಐದೂವರೆ ಏರಿದರೆ ಒಟ್ಟು 11. ಅದನ್ನು ಸ್ಟವ್ ಬರ್ನರಿನ ಮೂತಿಗೆ ಸಿಕ್ಕಿಸುವವರಿದ್ದಾರೆ. ಹೆಚ್ಚಿನ ಸ್ಟವ್‌ಗಳಿಗೆ ತಮ್ಮದೇ ಸಣ್ಣ ರೆಗ್ಯುಲೇಟರ್ ಇರುತ್ತದೆ, ಅಲ್ಲಿ ಕಾಣುವುದು ಅದರ ಒತ್ತಡ. ಆದ್ದರಿಂದ ಸ್ಟವ್‌ಗೆ ಬರುವ ತಾಮ್ರದ ಕೊಳವೆಯ ಫ್ಲೇರ್ ನಟ್ (ಕೊಳವೆಯ ಅಗಲಿಸಿದ ತುದಿಯನ್ನು ಬಿಗಿಯುವ ನಟ್) ಬಿಚ್ಚಿ, ನಡುವೆ ಒಂದು ಟೀ (ಮೂರು ಬಾಯಿಯ ಜೋಡಣೆ) ಕೂರಿಸಿ, ಅಲ್ಲಿಂದ ಅಳೆಯುತ್ತೇನೆ. ಬಿಚ್ಚುವ ಮುಂಚೆ ಟ್ಯಾಂಕಿನ ವಾಲ್ವ್ ಮುಚ್ಚಿ, ಪೈಪಿನಲ್ಲಿ ಉಳಿದ ಗ್ಯಾಸನ್ನು ಬರ್ನರಿನಲ್ಲಿ ಉರಿಸಿ ಮುಗಿಸಬೇಕು.

ಆಮೇಲೆ ವಾಲ್ವನ್ನು ನಿಧಾನವಾಗಿ ತೆರೆಯಿರಿ. ಸರಕ್ಕನೆ ತಿರುಗಿಸಿದರೆ ಒಳಗಿನ ಎಕ್ಸೆಸ್ ಫ್ಲೋ ವಾಲ್ವ್ ಪೈಪು ಒಡೆದಿದೆ ಎಂದುಕೊಂಡು ಮುಚ್ಚಿಕೊಳ್ಳುತ್ತದೆ. ಉರಿ ಸಣ್ಣದಾಗಿ ಬರುತ್ತದೆ, ಜನ ರೆಗ್ಯುಲೇಟರ್ ಕೆಟ್ಟಿತೆಂದು ಹೊಸದು ತರುತ್ತಾರೆ. ಹಾಗಾದರೆ ಪೂರ್ತಿ ಮುಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಮೆಲ್ಲಗೆ ತೆರೆದರೆ ಸಾಕು.

ಸುಮಾರು ಅರ್ಧದಷ್ಟು ಉಪಕರಣಗಳನ್ನು ಉರಿಸಿ 11 ಅಂಗುಲ ಇದೆಯೇ ನೋಡುತ್ತೇನೆ. ನಂತರ ಎಲ್ಲವನ್ನೂ ಆರಿಸುತ್ತೇನೆ. ಈಗ ಒತ್ತಡ ಸ್ವಲ್ಪ ಏರಿ ನಿಲ್ಲಬೇಕು, 14 ಅಂಗುಲ ದಾಟಬಾರದು. ದಾಟಿದರೆ, ಅಥವಾ ನಿಲ್ಲದೆ ಏರುತ್ತಲೇ ಇದ್ದರೆ, ರೆಗ್ಯುಲೇಟರಿನ ಒಳಗಿನ ಸೀಟು ಹಾಳಾಗಿದೆ. ಸ್ಕ್ರೂ ತಿರುಗಿಸಿ ಅಂಥದ್ದನ್ನು ಸರಿ ಮಾಡಲು ಹೋಗಬಾರದು, ಬದಲಿಸಲೇಬೇಕು.

ಕೊನೆಗೆ ಮುಖ್ಯವಾದದ್ದು. ಟ್ಯಾಂಕಿನ ವಾಲ್ವ್ ಮುಚ್ಚಿ, ಒಂದು ಬರ್ನರ್ ತೆರೆದು ಒತ್ತಡವನ್ನು 8 ಅಂಗುಲಕ್ಕೆ ಇಳಿಸಿ, ಬರ್ನರ್ ಆರಿಸಿ 3 ನಿಮಿಷ ಕಾಯುತ್ತೇನೆ. 8 ಯಾಕೆಂದರೆ, ಟ್ಯಾಂಕಿನ ವಾಲ್ವಿಗೂ ರೆಗ್ಯುಲೇಟರಿಗೂ ನಡುವೆ ಹೆಚ್ಚಿನ ಒತ್ತಡದ ಗ್ಯಾಸ್ ಸಿಕ್ಕಿಕೊಂಡಿದ್ದರೆ ಸೋರಿದಷ್ಟನ್ನೂ ಅದು ತುಂಬಿಕೊಡುತ್ತ ಹೋಗುತ್ತದೆ, ಅಳತೆಯಲ್ಲಿ ಏನೂ ಕಾಣದು. 8ಕ್ಕೆ ಇಳಿದಾಗ ಆ ಗ್ಯಾಸ್ ತೀರಿರುತ್ತದೆ, ರೆಗ್ಯುಲೇಟರ್ ತೆರೆದೇ ಇರುತ್ತದೆ, ಟ್ಯಾಂಕಿನ ವಾಲ್ವಿನಿಂದ ಸ್ಟವ್‌ವರೆಗಿನ ಇಡೀ ದಾರಿ ಒಂದೇ ಅಳತೆಗೆ ಸಿಗುತ್ತದೆ. ಅಳತೆ ಕೂದಲೆಳೆಯಷ್ಟು ಇಳಿದರೂ ಸೋರಿಕೆ ಇದೆ. ಏರಿದರೆ ಟ್ಯಾಂಕಿನ ವಾಲ್ವ್ ಪೂರ್ತಿ ಮುಚ್ಚುತ್ತಿಲ್ಲ. ಪೈಪಿಗೆ ಬಿಸಿಲು ಬಿದ್ದರೂ ಏರುತ್ತದೆ, ಹಾಗಾಗಿ ಈ ಕೆಲಸವನ್ನು ನೆರಳಿನಲ್ಲೇ ಮಾಡಿ.

ಸೋಪಿನ ನೀರಿನ ಸರದಿ ಈಗ, ಜಾಗ ಹುಡುಕುವುದಕ್ಕೆ. ಅಮೋನಿಯಾ ಅಥವಾ ಕ್ಲೋರಿನ್ ಇರುವ ಪಾತ್ರೆ ಸೋಪು ಬೇಡ, ಹಿತ್ತಾಳೆಯನ್ನು ಬಿರುಕು ಬಿಡಿಸುತ್ತದೆ. ಸೋರಿಕೆ ನೋಡಲೆಂದೇ ಮಾಡಿದ ದ್ರಾವಣ ಸಿಗುತ್ತದೆ. ಜಾಗ ಸಿಗದಿದ್ದರೆ ಒಂದೊಂದು ಕವಲನ್ನೂ ಬೇರ್ಪಡಿಸಿ ಫ್ಲೇರ್ ಪ್ಲಗ್ ಹಾಕಿ ಮತ್ತೆ 3 ನಿಮಿಷ ನೋಡುತ್ತೇನೆ. ನನಗೆ ಹೆಚ್ಚಾಗಿ ಸಿಗುವುದು ಫರ್ನೇಸಿನ ಫ್ಲೇರ್ ಜಾಯಿಂಟ್: ಗಾಡಿಯ ನಡುಕಕ್ಕೆ ನಟ್ ಸಡಿಲವಾಗುತ್ತದೆ, ಇಲ್ಲವೇ ಅತಿಯಾಗಿ ಬಿಗಿದು ತಾಮ್ರದ ಅಂಚು ಸೀಳಿರುತ್ತದೆ. ಸೀಳಿದ್ದರೆ ಕೊಳವೆಯನ್ನು ಹಿಂದಕ್ಕೆ ಕತ್ತರಿಸಿ, ಒಳ ಅಂಚಿನ ಚೂಪು ಕೆರೆದು, ನಟ್ ಮೊದಲೇ ತೂರಿಸಿ, 45 ಡಿಗ್ರಿ ಫ್ಲೇರ್ ಹೊಸದಾಗಿ ಮಾಡಬೇಕು. ಬಿಗಿಯುವಾಗ ಎರಡು ಸ್ಪ್ಯಾನರ್. ಫ್ಲೇರಿಗೆ ಟೇಪಾಗಲಿ ಪೇಸ್ಟಾಗಲಿ ಹಚ್ಚಬಾರದು, ಅಲ್ಲಿ ಲೋಹಕ್ಕೆ ಲೋಹವೇ ಕೂರಬೇಕು. ಕಬ್ಬಿಣದ ಪೈಪಿನ ಮರೆಗೆ (ತಿರುಪಿನ ಸುತ್ತುಗಳಿಗೆ) ಮಾತ್ರ ಗ್ಯಾಸಿನ ಹಳದಿ ಟೇಪ್.

ರೆಗ್ಯುಲೇಟರ್ ಬದಲಿಸುವಾಗ ಎರಡು ಹಂತದ್ದನ್ನೇ ಕೊಳ್ಳಿ. ಟ್ಯಾಂಕಿನ ಕಡೆಯ ನಟ್ (ಪಿಒಎಲ್ ಎನ್ನುತ್ತಾರೆ) ಎಡಮರೆ, ಬಿಚ್ಚಲು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಬೇಕು. ಗಾಳಿಕಿಂಡಿ ಕೆಳಮುಖವಾಗಿರಲಿ, ಮೇಲಕ್ಕೋ ಪಕ್ಕಕ್ಕೋ ತಿರುಗಿದರೆ ನೀರು ನುಗ್ಗಿ ಚಳಿಗೆ ಹೆಪ್ಪುಗಟ್ಟುತ್ತದೆ, ಒತ್ತಡ ಹಿಡಿತ ತಪ್ಪುತ್ತದೆ. ಹೊಸದು ಕೂರಿಸಿದ ಮೇಲೆ 11, 14, 8 ಅಂಗುಲದ ಮೂರೂ ಪರೀಕ್ಷೆ ಮತ್ತೆ ಮಾಡಿ.

ಟ್ಯಾಂಕಿನಲ್ಲಿ ಗ್ಯಾಸ್ ಎಷ್ಟಿದೆ ಎಂದು ತೋರಿಸುವ ಮುಳ್ಳು ಅಲ್ಲಾಡದಿದ್ದರೆ ಗಾಬರಿ ಬೇಡ. ಡಯಲ್ ನಡೆಯುವುದು ಅಯಸ್ಕಾಂತದಿಂದ. ಹೊರಗಿನ ಎರಡು ಸಣ್ಣ ಸ್ಕ್ರೂ ತೆಗೆದರೆ ಡಯಲ್ ಮಾತ್ರ ಕೈಗೆ ಬರುತ್ತದೆ, ಗ್ಯಾಸ್ ಹೊರಬರುವುದಿಲ್ಲ. ಅದರ ಸುತ್ತಲಿನ ದೊಡ್ಡ ಸ್ಕ್ರೂಗಳಿಗೆ ಮಾತ್ರ ಕೈ ಹಚ್ಚಬೇಡಿ, ಒತ್ತಡ ತಡೆದಿರುವುದು ಅವು.

ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು ಭಾರ, ಆದ್ದರಿಂದ ಸೋರಿದರೆ ಕೂಗುವ ಡಿಟೆಕ್ಟರ್ ನೆಲದ ಹತ್ತಿರ ಇರುತ್ತದೆ. ಅದರ ಬೆನ್ನಿನ ಮೇಲೆ ತಾರೀಖು ನೋಡಿ: ಮಾದರಿಗೆ ತಕ್ಕಂತೆ ಆಯುಷ್ಯ 5ರಿಂದ 7 ವರ್ಷ, ಹಸಿರು ದೀಪ ಉರಿಯುತ್ತಿದ್ದರೂ ಅವಧಿ ಮುಗಿದದ್ದು ಮುಗಿದದ್ದೇ. ಎಚ್ಚರಿಕೆ ಕೂಗಿದರೆ ಯಾವ ಸ್ವಿಚ್ಚನ್ನೂ ಮುಟ್ಟದೆ ಎಲ್ಲರೂ ಹೊರಗೆ ಬಂದು, ಹೊರಗಿನಿಂದ ಟ್ಯಾಂಕ್ ಮುಚ್ಚಬೇಕು.

ಓಡಿಸುವಾಗ ನಾನು ಟ್ಯಾಂಕ್ ಮುಚ್ಚಿಯೇ ಇಡುತ್ತೇನೆ. ಫ್ರಿಜ್ ಮುಚ್ಚಿದ್ದರೆ ಕೆಲವು ಗಂಟೆ ತಂಪು ಹಿಡಿಯುತ್ತದೆ. ಗ್ಯಾಸಿನಲ್ಲಿ ಫ್ರಿಜ್ ನಡೆಸುತ್ತ ಹೋಗುವವರು ಪೆಟ್ರೋಲ್ ಬಂಕಿಗೆ ತಿರುಗುವ ಮುಂಚೆಯಾದರೂ ಅದರ ಉರಿ ಆರಿಸಲೇಬೇಕು. ಟ್ಯಾಂಕ್ ಮುಚ್ಚಿದ್ದರೂ ಮೇರಿಲ್ಯಾಂಡ್ ರಾಜ್ಯದ ಬಾಲ್ಟಿಮೋರ್ ಬಂದರಿನ ಕೆಳಗಿನ ಎರಡು ಸುರಂಗಗಳಲ್ಲಿ ಇಷ್ಟು ಪ್ರೊಪೇನ್ ಇರುವ ಗಾಡಿಗೆ ಪ್ರವೇಶವಿಲ್ಲ. ಸುರಂಗಗಳಿಗೆ ಬದಲಿ ದಾರಿಯಾಗಿದ್ದ ಪೂರ್ವದ ಕೀ ಸೇತುವೆ 2024ರ ಮಾರ್ಚಿನಲ್ಲಿ ಕುಸಿದ ಮೇಲೆ, ಊರನ್ನು ಸುತ್ತುವ ಐ-695 ಹೆದ್ದಾರಿಯ ಪಶ್ಚಿಮ ಸುತ್ತನ್ನೇ ಹಿಡಿಯಬೇಕಾಗಿದೆ.