ಭುಜದ ಆಪರೇಷನ್ನಾ? ಮೊದಲು ಬೆನ್ನು ನೋಡಿಸಿಕೊಳ್ಳಿ

ಮೂಡಿಗೆರೆ ಹತ್ತಿರ ಮೆಣಸು ಕೊಯ್ಯುವಾಗ ಏಣಿಯಿಂದ ಜಾರಿ ನಮ್ಮ ಭಾವ ಭುಜ ಕೆಡಿಸಿಕೊಂಡರು. ಹಾಸನದಲ್ಲಿ ಆಪರೇಷನ್ ಅಂತ ಗೊತ್ತಾದ ಮೇಲೆ ಅವರಿಗೆ ಒಂದೇ ಹೆದರಿಕೆ, ಆಸ್ಪತ್ರೆಯಿಂದ ನಂಜು ಅಂಟುತ್ತದೆ ಅಂತ. ಆದರೆ ಭುಜದಲ್ಲಿ ಜಾಸ್ತಿ ಕಾಟ ಕೊಡುವುದು ನಮ್ಮದೇ ಚರ್ಮದಲ್ಲಿರುವ ಕ್ಯೂಟಿಬ್ಯಾಕ್ಟೀರಿಯಂ ಆಕ್ನೆಸ್, ಅಂದರೆ ಮೊಡವೆಯ ಬ್ಯಾಕ್ಟೀರಿಯಾ. ಅದು ಕೂದಲಿನ ಬುಡದಲ್ಲಿ, ಎಣ್ಣೆ ಗ್ರಂಥಿಯೊಳಗೆ ಕೂತಿರುತ್ತದೆ. ಎಷ್ಟು ಉಜ್ಜಿ ತೊಳೆದರೂ ಮೇಲಿನದು ಮಾತ್ರ ಹೋಗುತ್ತದೆ, ಚರ್ಮ ಕೊಯ್ದಾಗ ಒಳಗಿನದು ಗಾಯಕ್ಕೆ ಇಳಿಯುತ್ತದೆ. ಇಳಿದವರಿಗೆಲ್ಲ ನಂಜಾಗುವುದಿಲ್ಲ, ಅದು ಬೇರೆ ಮಾತು.

ನಿಮಗೆಷ್ಟು ಅಪಾಯ ಅಂತ ಮನೆಯಲ್ಲೇ ಅಂದಾಜು ಮಾಡಬಹುದು. ಗಂಡಸರಾದರೆ ಜಾಸ್ತಿ, ಅದರಲ್ಲೂ ವಯಸ್ಸು ಕಡಿಮೆ ಇದ್ದರೆ. ಬೆನ್ನು, ಹೆಗಲಲ್ಲಿ ಮೊಡವೆ ಇದೆಯಾ, ಮನೆಯವರಿಗೆ ನೋಡಲು ಹೇಳಿ. ಅದೇ ಭುಜಕ್ಕೆ ಹಿಂದೆ ಆಪರೇಷನ್ ಆಗಿದ್ದರೆ ಅದನ್ನು ದೊಡ್ಡ ವಿಷಯ ಅಂತಲೇ ಎಣಿಸಿ. ಎಲ್ಲರೂ ಮರೆಯುವುದು ಸ್ಟೀರಾಯ್ಡ್ ಇಂಜೆಕ್ಷನ್. ಭುಜ ಹಿಡಿದುಕೊಂಡಿದೆ ಅಂತ ಎಲ್ಲೋ ಚುಚ್ಚಿಸಿಕೊಂಡು 3 ತಿಂಗಳು ಆಗಿಲ್ಲವಾದರೆ, ಯಾರೂ ಕೇಳದಿದ್ದರೂ ನೀವೇ ಬಾಯಿಬಿಟ್ಟು ಹೇಳಿ, ತಾರೀಖಿನ ಸಮೇತ. ಶುಗರ್, ಬೀಡಿ ಗೊತ್ತಿದ್ದದ್ದೇ. ಕೀಲು ಬದಲಿಸಿಕೊಳ್ಳುವವರು ಇನ್ನೂ ಹುಷಾರಾಗಿರಬೇಕು, ಒಳಗೆ ಕೂರಿಸಿದ ಲೋಹದ ಮೇಲೆ ಈ ಬ್ಯಾಕ್ಟೀರಿಯಾ ಪಾಚಿಯ ಹಾಗೆ ಪದರ ಕಟ್ಟಿಕೊಂಡರೆ ಔಷಧಿಗೆ ಜಗ್ಗುವುದಿಲ್ಲ.

ಚರ್ಮವನ್ನು ಹತ್ತಿಯ ಕಡ್ಡಿಯಿಂದ ಒರೆಸಿ (ಸ್ವಾಬ್), ಲ್ಯಾಬ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದಾ ಅಂತ ನೋಡುವ ಕಲ್ಚರ್ ಮಾಡಿಸುವುದೂ ಒಂದು ದಾರಿ. ಚರ್ಮದ ಮೇಲೆ ಜಾಸ್ತಿ ಇದ್ದವರ ಗಾಯದೊಳಗೂ ಜಾಸ್ತಿ ಸಿಗುತ್ತದೆ ಅಂತ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ತೋರಿಸಿದ್ದಾರೆ. ಎಲ್ಲ ಕಡೆ ಇದನ್ನು ಮಾಡುವುದಿಲ್ಲ, ಕೇಳಿ ನೋಡಿ. ಈ ಬ್ಯಾಕ್ಟೀರಿಯಾ ತುಂಬಾ ನಿಧಾನಕ್ಕೆ ಬೆಳೆಯುತ್ತದೆ, ಹಾಗಾಗಿ ಕಲ್ಚರ್ 14 ದಿನ ಇಡಬೇಕು. ಐದೇ ದಿನಕ್ಕೆ 'ಏನೂ ಇಲ್ಲ' ಅಂತ ರಿಪೋರ್ಟ್ ಬಂದರೆ ಸುಮ್ನೆ ನಂಬಬೇಡಿ.

ಅಪಾಯ ಜಾಸ್ತಿ ಅನಿಸಿದರೆ 5% ಬೆಂಜಾಯಿಲ್ ಪೆರಾಕ್ಸೈಡ್ ಜೆಲ್ ಬಗ್ಗೆ ಡಾಕ್ಟರ್ ಹತ್ತಿರ ಕೇಳಿ. ಮೊಡವೆಗೆ ಹಚ್ಚುವ ಅದೇ ಜೆಲ್. ಆಪರೇಷನ್‌ಗೆ ಕೆಲವು ದಿನ ಮುಂಚಿನಿಂದ ಭುಜದ ಹಿಂದೆ ಮುಂದೆ, ಕಂಕುಳಿಗೆ ಹಚ್ಚಿದರೆ ಬ್ಯಾಕ್ಟೀರಿಯಾ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಹಳೇ ಬನಿಯನ್ ಹಾಕಿಕೊಳ್ಳಿ, ಬಟ್ಟೆಯ ಬಣ್ಣ ತಿಂದುಹಾಕುತ್ತದೆ. ನಮ್ಮ ಮನೆಯ ಎರಡು ಟವೆಲ್ ಹೋದವು.

ತೋಟದಲ್ಲಿ ತರಚಿದ ಗಾಯ, ಕುರು ಇದ್ದರೆ ತೋರಿಸಿ. ಹಿಂದಿನ ರಾತ್ರಿ ಭಾವ ಚೊಕ್ಕವಾಗಿರಲಿ ಅಂತ ಬ್ಲೇಡ್ ಹಿಡಿದು ಕನ್ನಡಿ ಮುಂದೆ ನಿಂತಿದ್ದರು, ಅಕ್ಕ ಕಿತ್ತುಕೊಂಡಳು. ಬ್ಲೇಡ್ ತಾಗಿಸಲೇಬೇಡಿ, ಕೂದಲು ತೆಗೆಯಬೇಕಾದರೆ ಅಲ್ಲೇ ಕ್ಲಿಪ್ಪರ್‌ನಲ್ಲಿ ತೆಗೆಯುತ್ತಾರೆ.